ನಾಲೆ ಏರಿ ಮೇಲೆ ಇಪ್ಪತ್ತೊಂದು ಕಿಲೋಮೀಟರ್

ಶುಕ್ರವಾರ

ನಮ್ಮ ಗುಂಪಿನಲ್ಲಿ ಹುಟ್ಟು ಓಟಗಾರರು ಯಾರೂ ಇಲ್ಲ. ಶಾಲೆಯಲ್ಲಿ ಓಡಿ ಕಪ್ ತಂದವರಂತೂ ಇಲ್ವೇ ಇಲ್ಲ. ಒಬ್ಬರು ಬ್ಯಾಂಕಿನಿಂದ ರಿಟೈರ್ ಆದ ರಾಯರು. ಇನ್ನೊಬ್ಬರು ನಮ್ಮ ಬೀದಿಯಲ್ಲೇ ಟೈಲರಿಂಗ್ ಅಂಗಡಿ ಇಟ್ಟುಕೊಂಡಿರುವ ಅಕ್ಕ. ಶುಗರ್ ಬಂದಿದೆ, ದಿನಾ ನಡೀರಿ ಅಂತ ಡಾಕ್ಟರ್ ಹೇಳಿದ್ದಕ್ಕೆ ನಡೆಯಲು ಶುರು ಮಾಡಿ, ನಡೆದೂ ನಡೆದೂ ಬೇಜಾರಾಗಿ ಓಡಲು ಶುರು ಮಾಡಿದವರು. ಮತ್ತೊಬ್ಬ ಇಂಜಿನಿಯರಿಂಗ್ ಹುಡುಗ. ಎಲ್ಲರಿಗಿಂತ ಜೋರಾಗಿ ಓಡುತ್ತಾನೆ, ಎಲ್ಲರಿಗಿಂತ ಲೇಟಾಗಿ ಏಳುತ್ತಾನೆ. ಆಮೇಲೆ ನಾನು. ನಮ್ಮನ್ನೆಲ್ಲ ಪರಿಚಯ ಮಾಡಿಸಿದ್ದು ಲಾಲ್‌ಬಾಗ್‌ನ ಬೆಳಗಿನ ಆರು ಗಂಟೆ.

ಹೊರಟಿದ್ದು ಕಾವೇರಿ ಟ್ರೇಲ್ ಮ್ಯಾರಥಾನ್‌ಗೆ. ಓಡುವವರೆಲ್ಲ ಕೆಟಿಎಂ ಅಂತಾರೆ, ಬೈಕಿನ ಹೆಸರು ಅಂದುಕೊಳ್ಳಬೇಡಿ. ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟಿನ ಕಡೆ, ನಾಲೆ ಏರಿಯ ಮಣ್ಣಿನ ದಾರಿಯಲ್ಲಿ ನಡೆಯುವ ಓಟ. ಹಾಫ್‌ನವರು, ಅಂದ್ರೆ ಅರ್ಧ ಮ್ಯಾರಥಾನ್ ಓಡುವವರು, ಹತ್ತೂವರೆ ಕಿಲೋಮೀಟರ್ ಹೋಗಿ, ಅದೇ ದಾರಿಯಲ್ಲಿ ಹತ್ತೂವರೆ ವಾಪಸ್ ಬರಬೇಕು. ಫುಲ್‌ನವರು ಇದನ್ನೇ ಎರಡು ಸಲ ಮಾಡಬೇಕು, ಪಾಪ.

ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ದೊಡ್ಡ 10ಕೆ ಓಟವೂ ನನಗೆ ಇಷ್ಟವೇ. ರಸ್ತೆ ತುಂಬ ಜನ, ಡೊಳ್ಳು, ಚಪ್ಪಾಳೆ, ಕೀನ್ಯಾ ಮತ್ತು ಇಥಿಯೋಪಿಯಾದಿಂದ ಬಂದ ಓಟಗಾರರು. ಆದ್ರೆ ಅಲ್ಲಿ ಗೆದ್ದವರ ಮುಖ ನಾನು ನೋಡೋದು ಮಾರನೇ ದಿನದ ಪೇಪರ್‌ನಲ್ಲಿ, ಕೊನೆಗೆ ಬಂದವರ ಮುಖ ಯಾರೂ ನೋಡೋದೇ ಇಲ್ಲ. ಕೆಟಿಎಂನಲ್ಲಿ ಒಂದೇ ದಾರಿ ಇರೋದ್ರಿಂದ ಮೊದಲು ಓಡುವವನೂ ಕೊನೆಗೆ ಓಡುವವನೂ ಒಂದು ಕಡೆ ಎದುರಾಗಲೇಬೇಕು. ನಾನು ಬೇರೆ ಓಟ ಬಿಟ್ಟರೂ ಇದನ್ನು ಬಿಡಲ್ಲ ಅನ್ನೋದಕ್ಕೆ ಇದೊಂದೇ ಕಾರಣ.

ರಾತ್ರಿ ಬ್ಯಾಗ್ ತುಂಬಿದ್ದಾಯಿತು. ಹಳೇ ಶೂ, ಹಳೇ ಸಾಕ್ಸ್, ಹಳೇ ಬನಿಯನ್. ಓಟದ ದಿನ ಹೊಸದೇನೂ ಹಾಕಬಾರದು ಅನ್ನೋದು ನಮ್ಮಲ್ಲಿ ವೇದವಾಕ್ಯ. ಜೊತೆಗೆ ವ್ಯಾಸಲೀನ್ ಡಬ್ಬಿ. ತೊಡೆ ಸಂದಿಗೆ, ಕಂಕುಳಿಗೆ, ಗಂಡಸರಾದರೆ ಎದೆಗೂ ಹಚ್ಚಿಕೊಳ್ಳದೆ ಇಪ್ಪತ್ತೊಂದು ಕಿಲೋಮೀಟರ್ ಓಡಿ ಮನೆಗೆ ಬಂದು ಬಿಸಿನೀರು ಸುರಿದುಕೊಂಡವರಿಗೆ ಮಾತ್ರ ಈ ಡಬ್ಬಿಯ ಬೆಲೆ ಗೊತ್ತು.

ಶನಿವಾರ

ಹುಡುಗ ಬೈಕಲ್ಲಿ ಬರ್ತೀನಿ ಅಂತ ಹಠ ಹಿಡಿದಿದ್ದ. ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕ್ ಬಿಡಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು, ಅಷ್ಟು ದೂರ ಕುಲುಕಿಸಿಕೊಂಡು ಬಂದು ಬೆಳಿಗ್ಗೆ ಹೇಗೆ ಓಡ್ತೀಯ ಅಂತ ರಾಯರು ಗದರಿ ಕಾರಿನ ಹಿಂದಿನ ಸೀಟಿಗೆ ತಳ್ಳಿದರು. ಅವನು ಮಂಡ್ಯದವರೆಗೂ ನಿದ್ದೆ ಹೊಡೆದ.

ಮಧ್ಯಾಹ್ನದ ಹೊತ್ತಿಗೆ ಶ್ರೀರಂಗಪಟ್ಟಣ ಸೇರಿದೆವು. ಬಿಬ್ ಕೈಗೆ ಬಂತು. ಬಿಬ್ ಅಂದ್ರೆ ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿ. ನಾಲ್ಕು ಪಿನ್ ಜೊತೆಗೇ ಕೊಡ್ತಾರೆ, ಅದರಲ್ಲಿ ಒಂದು ಕಳೆದೇ ಹೋಗುತ್ತೆ. ಅಕ್ಕ ಮಾತ್ರ ಟೈಲರ್ ಅಲ್ವಾ, ಪಿನ್ನಿನ ಸಹವಾಸವೇ ಬೇಡ ಅಂತ ಸೂಜಿ ದಾರ ತೆಗೆದು ನಾಲ್ಕು ಮೂಲೆಗೂ ಹೊಲಿಗೆ ಹಾಕಿಬಿಟ್ಟರು. ಪಕ್ಕದ ರೂಮಿನವರು ನೋಡಿ ತಮ್ಮ ಟೀ ಶರ್ಟ್‌ಗಳನ್ನೂ ತಂದು ಕೊಟ್ಟರು. ಸಂಜೆಯಾಗುವಷ್ಟರಲ್ಲಿ ಲಾಡ್ಜಿನ ವರಾಂಡದಲ್ಲಿ ಅಕ್ಕನ ಅಂಗಡಿ ತೆರೆದಿತ್ತು.

ಊರು ನೋಡಬೇಕು ಅಂತ ಆಸೆ, ಆದ್ರೆ ಓಟದ ಹಿಂದಿನ ದಿನ ಕಾಲು ಖರ್ಚು ಮಾಡಬಾರದು. ರಂಗನಾಥಸ್ವಾಮಿಗೆ ಕೈಮುಗಿದು, ದರಿಯಾ ದೌಲತ್‌ಗೆ ಕಾರಿನಲ್ಲೇ ಹೋದೆವು. ಟಿಪ್ಪು 1784ರಲ್ಲಿ ಕಟ್ಟಿಸಿದ ಮರದ ಅರಮನೆ. ಗೋಡೆಯ ಮೇಲೆ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರ ಇದೆ. ಹುಡುಗ ಅದರಲ್ಲಿ ನಡೆದುಕೊಂಡು ಹೋಗುತ್ತಿದ್ದ ಸಿಪಾಯಿಗಳನ್ನೇ ನೋಡುತ್ತಾ, 'ಇವರೆಲ್ಲ ಇಷ್ಟು ದೂರ ಯಾವ ಚಪ್ಪಲಿ ಹಾಕ್ಕೊಂಡು ನಡೆದ್ರು ಅಂಕಲ್?' ಅಂದ. ರಾಯರಿಗೆ ಅವನ ಮೇಲಿದ್ದ ಸಿಟ್ಟು ಆಗ ಇಳಿಯಿತು.

ಓಟಕ್ಕಿಂತ ನನಗೆ ಜಾಸ್ತಿ ನೆನಪಿರೋದು ರಾತ್ರಿಯ ಊಟ. ಒಂದು ಸಣ್ಣ ಮೆಸ್. ಒಳಗೆ ಕೂತವರಲ್ಲಿ ಮುಕ್ಕಾಲು ಜನ ಬೆಳಿಗ್ಗೆ ಓಡುವವರೇ. ಹೇಗೆ ಗೊತ್ತಾಯಿತು ಅಂದ್ರೆ, ಎಲ್ಲರೂ ಅನ್ನ ಜಾಸ್ತಿ ಹಾಕಿಸಿಕೊಂಡು ಪಲ್ಯ ಬೇಡ ಅಂತಿದ್ದರು. ನಾರು ಹೆಚ್ಚಿರೋದು, ಖಾರ ಇರೋದು, ಬೇಳೆ ಕಾಳು ಎಲ್ಲಾ ದೂರ. ಬೆಳಗಿನ ಜಾವ ಹೊಟ್ಟೆ ಕೈಕೊಟ್ಟರೆ ನಾಲೆ ಏರಿ ಮೇಲೆ ಮರೆ ಎಲ್ಲಿ ಹುಡುಕೋದು? ಅನ್ನ, ಮೊಸರು, ಒಂದು ಬಾಳೆಹಣ್ಣು. ಬಡಿಸುವವನಿಗೆ ಬೇಜಾರು. 'ಸಾರ್, ಇವತ್ತು ಬದ್ನೆಕಾಯ್ ಎಣ್ಗಾಯಿ ಮಾಡಿದ್ವಿ, ಯಾರೂ ಮುಟ್ತಾನೇ ಇಲ್ಲ' ಅಂದ.

ಒಬ್ಬರು ಮಾತು ಶುರು ಮಾಡಿದರೆ ಸಾಕು, ಓಡುವವರ ಬಾಯಿ ನಿಲ್ಲಲ್ಲ. ಹಾಸನದ ಪಿಟಿ ಮೇಷ್ಟ್ರೊಬ್ಬರು ಜನವರಿಯ ಮುಂಬೈ ಮ್ಯಾರಥಾನ್ ಕಥೆ ತೆಗೆದರು. ಫುಲ್‌ನಲ್ಲಿ ಕಾಲೆಲ್ಲ ಸೋತ ಮೇಲೆ ಪೆಡ್ಡರ್ ರಸ್ತೆಯ ಏರು ಬರುತ್ತಂತೆ. ಅಲ್ಲಿ ಅಕ್ಕಪಕ್ಕದ ಮನೆಯವರು ತಟ್ಟೆಯಲ್ಲಿ ಬಿಸ್ಕತ್ತು, ಕಿತ್ತಳೆ ಹಿಡಿದುಕೊಂಡು ಬೀದಿಗೆ ಬಂದು ನಿಂತಿರ್ತಾರಂತೆ. ಹೈದರಾಬಾದ್ ಮ್ಯಾರಥಾನ್ ಓಡಿ ಬಂದ ಮೈಸೂರಿನ ದಂಪತಿ 'ಏರು ಅಂದ್ರೆ ಅಲ್ಲಿಗೆ ಹೋಗಿ ನೋಡಿ, ಒಂದು ಫ್ಲೈಓವರ್ ಇಳಿದರೆ ಇನ್ನೊಂದು' ಅಂದರು. ಇನ್ನೊಬ್ಬರು ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಡಿದ್ದವರು. ಡರ್ಬನ್‌ಗೂ ಪೀಟರ್‌ಮಾರಿಟ್ಜ್‌ಬರ್ಗ್‌ಗೂ ನಡುವೆ ಸುಮಾರು 90 ಕಿಲೋಮೀಟರ್, 12 ಗಂಟೆ ಟೈಮು. ಹನ್ನೆರಡು ಗಂಟೆ ಮುಗಿಯುವಾಗ ಒಬ್ಬರು ಓಟಗಾರರಿಗೆ ಬೆನ್ನು ತಿರುಗಿಸಿ ನಿಂತು ಗುಂಡು ಹಾರಿಸ್ತಾರೆ, ಯಾರಿಗೆ ಟೈಮ್ ತಪ್ಪಿತು ಅಂತ ಅವರೇ ನೋಡಬಾರದು ಅಂತ. ಆಮೇಲೆ ಒಂದು ಸೆಕೆಂಡ್ ತಡವಾಗಿ ಬಂದರೂ ಮೆಡಲ್ ಇಲ್ಲ. ಮೆಸ್‌ನಲ್ಲಿ ಎಲ್ಲರ ಕೈಯೂ ಮೊಸರನ್ನದಲ್ಲೇ ನಿಂತಿತ್ತು. ಅಕ್ಕ ಮಾತ್ರ 'ಅಷ್ಟೊಂದ್ ದೂರದಿಂದ ಓಡ್ಕೊಂಡ್ ಬಂದವರಿಗೆ ಒಂದ್ ಮೆಡಲ್ ಕೊಟ್ಟುಬಿಟ್ರೆ ಇವರ ಗಂಟೇನ್ ಹೋಗತ್ತೆ?' ಅಂದರು. ನನಗೂ ಅದೇ ಅನಿಸಿತ್ತು.

ಒಂಬತ್ತಕ್ಕೆ ಮಲಗಿದೆವು. ನಿದ್ದೆ ಬಂತಾ? ಇಲ್ಲ. ಓಟದ ಹಿಂದಿನ ರಾತ್ರಿ ಯಾರಿಗೂ ಬರಲ್ಲ. ಅದಕ್ಕೇ ಅದರ ಹಿಂದಿನ ರಾತ್ರಿ ಚೆನ್ನಾಗಿ ಮಲಗಿರಬೇಕು ಅಂತಾರೆ.

ಭಾನುವಾರ

ನಾಲ್ಕಕ್ಕೆ ಅಲಾರಂ. ಎರಡು ಬ್ರೆಡ್ಡು, ಬ್ಲ್ಯಾಕ್ ಕಾಫಿ. ಹೊರಗೆ ಇನ್ನೂ ಕತ್ತಲು. ಗದ್ದೆ ಕಡೆಯಿಂದ ಕಪ್ಪೆಗಳ ಗಲಾಟೆ. ಸ್ಟಾರ್ಟ್ ಹತ್ತಿರ ಅತಿ ಉದ್ದದ ಕ್ಯೂ ಯಾವುದಕ್ಕೆ ಅಂತ ಹೇಳಬೇಕಾಗಿಲ್ಲ, ಜಗತ್ತಿನ ಯಾವ ಓಟಕ್ಕೆ ಹೋದರೂ ಟಾಯ್ಲೆಟ್ ಮುಂದಿನ ಕ್ಯೂವೇ ಉದ್ದ. ಆ ಕ್ಯೂನಲ್ಲಿ ನಿಂತು ಆಗುವ ಗೆಳೆತನಗಳೂ ಗಟ್ಟಿ.

ಬೆಳಕು ಹರಿಯುವಾಗ ಬಿಟ್ಟರು. ಮೊದಲ ಎರಡು ಕಿಲೋಮೀಟರ್ ಎಲ್ಲರಿಗೂ ರೆಕ್ಕೆ. ಇಲ್ಲೇ ಹುಷಾರಾಗಿರಬೇಕು. ತಂಪು ಗಾಳಿ, ಪಕ್ಕದಲ್ಲಿ ಜನ, ಕಾಲು ಹಗುರ, ಆಗ ಹತ್ತು ಇಪ್ಪತ್ತು ಸೆಕೆಂಡ್ ಜೋರಾಗಿ ಓಡಿ ಉಳಿಸಿದ್ದನ್ನು ಕೊನೆಯ ಐದು ಕಿಲೋಮೀಟರ್‌ನಲ್ಲಿ ನಿಮಿಷಗಟ್ಟಲೆ ಬಡ್ಡಿ ಸೇರಿಸಿ ಕಕ್ಕಬೇಕಾಗುತ್ತೆ. ಹಾಗಂತ ರಾಯರು ಹೇಳಿದ್ದು. ಬ್ಯಾಂಕಿನವರಲ್ವಾ.

ದಾರಿ ಹೇಗಿದೆ ಅಂದ್ರೆ, ಒಂದು ಪಕ್ಕ ನಾಲೆ, ಇನ್ನೊಂದು ಪಕ್ಕ ಕೆಳಗೆ ಗದ್ದೆ, ಕಬ್ಬು, ಅಲ್ಲಲ್ಲಿ ತೆಂಗು. ನಡುವೆ ಏರಿ. ಟ್ರ್ಯಾಕ್ಟರ್ ಓಡಾಡಿ ಎರಡು ಚಕ್ರದ ಜಾಡು ಬಿದ್ದಿದೆ, ಮಧ್ಯದಲ್ಲಿ ಹುಲ್ಲು. ಜಾಡಿನಲ್ಲಿ ಓಡಿದರೆ ಮಣ್ಣು ಗಟ್ಟಿ ಸಿಗುತ್ತೆ, ಹುಲ್ಲಿಗೆ ಹೋದರೆ ಕಾಲಿಗೆ ಮೆತ್ತಗೆ, ಆದ್ರೆ ಒಳಗೆ ಕಲ್ಲಿದ್ಯೋ ಗುಂಡಿಯಿದ್ಯೋ ಕಾಣಲ್ಲ. ನೀರು ತನ್ನಷ್ಟಕ್ಕೆ ತಾನೇ ಹರಿಯಬೇಕಾದ್ದರಿಂದ ನಾಲೆಯನ್ನು ತೀರಾ ಕಡಿಮೆ ಇಳಿಜಾರಿನಲ್ಲಿ ತೆಗೆದಿರ್ತಾರೆ, ಹಾಗಾಗಿ ಏರಿಯೂ ಹೆಚ್ಚುಕಮ್ಮಿ ಸಮತಟ್ಟು. ಸಮತಟ್ಟು ಅಂದ ಕೂಡಲೇ ಸುಲಭ ಅಂದುಕೊಳ್ತಾರೆ. ಏರಿಳಿತ ಇದ್ದರೆ ಒಮ್ಮೆ ತೊಡೆಗೆ ಕೆಲಸ, ಒಮ್ಮೆ ಮೀನಖಂಡಕ್ಕೆ. ಇಲ್ಲಿ ಮೊದಲಿಂದ ಕೊನೆಯವರೆಗೆ ಅದೇ ಸ್ನಾಯುಗಳಿಗೆ ಅದೇ ಕೆಲಸ, ಬಿಡುವೇ ಇಲ್ಲ. ನೆರಳೂ ಕಡಿಮೆ. ಎಂಟು ಗಂಟೆ ದಾಟಿದರೆ ಬಿಸಿಲು ನೆತ್ತಿಗೆ ಬಡಿಯುತ್ತೆ.

ಬೆಳಗ್ಗೆ ಮಾತ್ರ ಆ ಜಾಗ, ಅಬ್ಬಾ! ಗದ್ದೆಯಲ್ಲಿ ಬೆಳ್ಳಕ್ಕಿ, ನಾಲೆ ಮೇಲಿನ ತಂತಿಯಲ್ಲಿ ಮಿಂಚುಳ್ಳಿ, ದೂರದಲ್ಲಿ ನೀರುಕಾಗೆಗಳ ಸಾಲು. ಫೋನ್ ಕೈಯಲ್ಲಿ ಹಿಡಿದು ಓಡುವವರು ನಿಂತು ನಿಂತು ಫೋಟೋ ತೆಗೆಯುತ್ತಿದ್ದರು. ಟೈಮಿಂಗ್ ಹಾಳಾದರೂ ಪರವಾಗಿಲ್ಲ ಅನ್ನುವವರು ಜಾಸ್ತಿ ಸಿಗೋದು ಇಂಥ ಓಟದಲ್ಲೇ.

ಐದನೇ ಕಿಲೋಮೀಟರ್ ಸುಮಾರಿಗೆ ಒಂದು ಟ್ರಾಫಿಕ್ ಜಾಮ್. ಒಬ್ಬ ಅಜ್ಜ, ಏರಿಯ ಆ ಕಡೆ ನಾಲ್ಕು ಹಸು, ಒಂದು ಕರು. ಅವರಿಗೆ ಈ ಕಡೆಗೆ ದಾಟಬೇಕು. ನಾವು ಒಬ್ಬರಾದ ಮೇಲೆ ಒಬ್ಬರು ಬರ್ತಾನೇ ಇದ್ದೀವಿ. ಪಾಪ, ಎಷ್ಟೊತ್ತು ಕಾಯ್ತಾರೆ? ನನ್ನನ್ನೇ ನಿಲ್ಲಿಸಿ ಕೇಳಿದರು, 'ಸಾ, ಹಿಂದ್ಗಡೆ ಇನ್ನೂ ಎಷ್ಟ್ ಜನ ಅವ್ರೆ?'

'ನೂರಾರು ಜನ ಇದ್ದಾರೆ ಅಜ್ಜ.'

'ಹಂಗಾರೆ ನೀವೆಲ್ಲ ಅರೆಗಳಿಗೆ ನಿಂತ್ಕಳಿ. ನಿಮ್ಗೇನು, ಮಜವಾಗಿ ಓಡ್ತಿದ್ದೀರಿ. ಇವ್ಕೆ ಹೊಟ್ಟೆ ಹಸ್ದದೆ.'

ನಿಂತೆವು. ವಾಚ್ ಒತ್ತಿ ನಿಲ್ಲಿಸಿದವರು ಕೆಲವರು, ಗೊಣಗಿದವ ಒಬ್ಬ. ಕರು ಮಧ್ಯದಲ್ಲೇ ನಿಂತು ಯಾರದೋ ಬಿಬ್ ಮೂಸಿತು. ಅಜ್ಜ ಹೋಗುವಾಗ 'ಗೆದ್ರೆ ಏಟ್ ಕೊಡ್ತಾರೆ?' ಅಂತ ಕೇಳಿದರು. ನಾವೇ ದುಡ್ಡು ಕಟ್ಟಿ ಬಂದಿದ್ದೀವಿ ಅಂದೆ. ಅವರು ಏನೂ ಹೇಳಲಿಲ್ಲ, ತಲೆಯ ಟವೆಲ್ ಬಿಚ್ಚಿ ಕೊಡವಿ ಮತ್ತೆ ಕಟ್ಟಿಕೊಂಡರು.

ಎಂಟನೇ ಕಿಲೋಮೀಟರ್ ಮುಟ್ಟುವ ಮೊದಲೇ ಎದುರಿನಿಂದ ಮೊದಲಿಗರು ಬಂದರು. ಅವರ ಓಟವನ್ನು ಹತ್ತಿರದಿಂದ ನೋಡಬೇಕು. ಶೂ ನೆಲಕ್ಕೆ ತಾಗಿದ ಸದ್ದೇ ಬರಲ್ಲ. ಭುಜ ಅಲ್ಲಾಡಲ್ಲ. ನಮ್ಮದು ದಪದಪ, ಅವರದು ತಪ್ ತಪ್ ತಪ್ ಅಂತ ಸಣ್ಣ ಸಣ್ಣ ಹೆಜ್ಜೆ. ಒಬ್ಬ ತೆಳ್ಳನೆಯ ಹುಡುಗ, ಶೂ ಬದಿ ಹರಿದು ಕಿರುಬೆರಳು ಕಾಣ್ತಿತ್ತು, ಎರಡನೆಯವನಾಗಿ ಬರುತ್ತಿದ್ದ. 'ಸೂಪರ್ ಮಗಾ' ಅಂತ ಕೂಗಿದೆ. ಆ ವೇಗದಲ್ಲೂ ಅವನು ಹೆಬ್ಬೆರಳು ಎತ್ತಿ ತೋರಿಸಿ ಹೋದ.

ಆಮೇಲೆ ಶುರು ನಿಜವಾದ ಹಬ್ಬ. ಎದುರು ಬರುವ ಪ್ರತಿಯೊಬ್ಬರೂ ಏನಾದರೂ ಹೇಳ್ತಾರೆ. ಬಾಯಿ ಬಿಡಲು ಶಕ್ತಿ ಇಲ್ಲದವರು ತಲೆ ಆಡಿಸ್ತಾರೆ. ಹಿಂದಿನ ರಾತ್ರಿ ಮೆಸ್‌ನಲ್ಲಿ ಕಂಡ ಮೇಷ್ಟ್ರು 'ಮೊಸರನ್ನ ಕೆಲಸ ಮಾಡ್ತಿದೆ ಸಾರ್!' ಅಂತ ಕೂಗಿಕೊಂಡು ಹೋದರು. ಅಕ್ಕ ಹೊಲಿದ ಬಿಬ್‌ಗಳು ದಾರ ನೋಡಿದರೇ ಗೊತ್ತಾಗುತ್ತಿತ್ತು, ಕೆಂಪು ದಾರ. ನಮ್ಮ ಹುಡುಗ ಬಂದ, ಮುಖ ಕೆಂಪು, ನನ್ನ ಕೈಗೊಂದು ಏಟು ಕೊಟ್ಟು ಹೋದ. ಟರ್ನಿಂಗ್‌ನಲ್ಲಿ ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ, ಕಿತ್ತಳೆ, ಚಿಕ್ಕಿ. ನಾಲ್ಕು ಗಂಟೆಗೆ ಎದ್ದು, ಹತ್ತು ಕಿಲೋಮೀಟರ್ ಓಡಿ, ಬೆವರಿನಲ್ಲಿ ಉಪ್ಪೆಲ್ಲ ಹರಿದುಹೋದ ಮೇಲೆ ಆ ಆಲೂಗಡ್ಡೆ ತಿನ್ನಬೇಕು. ಅದರ ಮುಂದೆ ಮದುವೆ ಊಟವೂ ಸಪ್ಪೆ.

ನೀರಿನ ವಿಷಯ ಒಂದು ಮಾತು. ಹೊಸಬರು ಸಿಕ್ಕ ಸಿಕ್ಕಲ್ಲೆಲ್ಲ ಬರೀ ನೀರು ಕುಡೀತಾರೆ. ಗಂಟೆಗಟ್ಟಲೆ ಬೆವರಿ, ಬಾಯಾರಿಕೆ ಇಲ್ಲದಿದ್ದರೂ ನೀರನ್ನೇ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ವಾಂತಿ, ತಲೆಸುತ್ತು, ಕೆಲವು ಸಲ ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಬಾಯಾರಿದಷ್ಟು ಕುಡಿಯಿರಿ, ಜೊತೆಗೆ ಉಪ್ಪಿನದ್ದು ಏನಾದರೂ ಬಾಯಿಗೆ ಹಾಕಿಕೊಳ್ಳಿ.

ವಾಪಸ್ ಬರುವಾಗ ಹಿಂದಿನವರೆಲ್ಲ ನನಗೆ ಎದುರು. ಮುಂದಿದ್ದವರ ಮುಖದಲ್ಲಿ ಲೆಕ್ಕಾಚಾರ ಇತ್ತು, ಇವರ ಮುಖದಲ್ಲಿ ಕಥೆಗಳಿದ್ದವು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಹೆಂಗಸು. ಬನಿಯನ್ ಬೆನ್ನಿಗೆ ಮಗಳ ಫೋಟೋ ಅಂಟಿಸಿಕೊಂಡವರು. ಮೊಬೈಲಿನಲ್ಲಿ ಸುಪ್ರಭಾತ ಹಾಕಿಕೊಂಡು ನಡೆಯುತ್ತಿದ್ದ ಎಪ್ಪತ್ತು ದಾಟಿದ ತಾತ. ಅವರ ಹತ್ತಿರ ಕೊನೆಯ ಸ್ಥಾನದ ಬಗ್ಗೆ ಮಾತೇ ಬೇಡ, 'ಮೂರು ಗಂಟೆ ಬಿಸಿಲಲ್ಲಿ ಇರೋನು ನಾನು, ಎರಡು ಗಂಟೆಗೆ ಮುಗಿಸಿ ನೆರಳಿಗೆ ಹೋಗೋರಿಗೇನು ಕಷ್ಟ' ಅಂತ ನಗ್ತಾರೆ. ಸರಿಯಾದ ಮಾತೇ.

ಅಕ್ಕ ಸಿಕ್ಕಿದ್ದು ನನ್ನ ಹದಿಮೂರನೇ ಕಿಲೋಮೀಟರ್‌ನಲ್ಲಿ. ಅವರದು ರನ್-ವಾಕ್. ಎರಡು ನಿಮಿಷ ಓಡೋದು, ಒಂದು ನಿಮಿಷ ನಡೆಯೋದು. ಜೆಫ್ ಗ್ಯಾಲೋವೇ ಅಂತ ಅಮೆರಿಕದ ಒಲಿಂಪಿಕ್ ಓಟಗಾರರು ಜನಪ್ರಿಯ ಮಾಡಿದ ವಿಧಾನ. ಸುಸ್ತಾದ ಮೇಲೆ ನಡೆಯೋದಲ್ಲ, ಸುಸ್ತಾಗುವ ಮೊದಲೇ ಲೆಕ್ಕ ಹಾಕಿ ನಡೆಯೋದು. ಅಕ್ಕನ ಸುತ್ತ ಐದಾರು ಹೆಂಗಸರು ಸೇರಿಕೊಂಡಿದ್ದರು. ಅಕ್ಕನ ವಾಚ್ ಬೀಪ್ ಅಂದರೆ ಎಲ್ಲರೂ ಓಡ್ತಾರೆ, ಮತ್ತೆ ಬೀಪ್ ಅಂದರೆ ಎಲ್ಲರೂ ನಡೀತಾರೆ. ಯಾರೂ ಪರಿಚಯದವರಲ್ಲ. ಅರ್ಧ ದಾರಿಯಲ್ಲಿ ಬಿಟ್ಟು ಹೋಗಬೇಕು ಅಂದುಕೊಂಡಿದ್ದ ಒಬ್ಬಳನ್ನೂ ಅಕ್ಕ ಎಳೆದುಕೊಂಡು ಬರ್ತಿದ್ದರು. 'ಬ್ಲೌಸಿಗೆ ಎಷ್ಟು ತಗೋತೀರಾ ಅಂತ ಕೇಳ್ತಿದ್ದಾಳೆ ಕಣೋ' ಅಂದು ಮುಂದೆ ಹೋದರು.

ಹದಿನೇಳರ ಮೇಲೆ ಮಾತಿಲ್ಲ. ಸ್ವಯಂಸೇವಕ ಹುಡುಗರು 'ಇನ್ನು ಒಂದೇ ಕಿಲೋಮೀಟರ್ ಸಾರ್' ಅಂತಾರೆ. ಒಂದು ಕಿಲೋಮೀಟರ್ ಆದ ಮೇಲೆ ಇನ್ನೊಬ್ಬ ಹುಡುಗನೂ ಅದನ್ನೇ ಹೇಳ್ತಾನೆ. ಮುಗೀತು ಕೊನೆಗೆ. ಮೆಡಲ್, ಇಡ್ಲಿ, ವಡೆ, ಮಜ್ಜಿಗೆ.

ತಿಂದು ಹೊರಡಬಹುದಿತ್ತು. ಹೊರಡಲಿಲ್ಲ. ಫುಲ್‌ನವರು ಬರುವ ದಾರಿಯಲ್ಲಿ ಕೂತೆವು. ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದ್ರೆ ಓಡಲು ಬೇಕಾದ ಸಕ್ಕರೆಯ ದಾಸ್ತಾನು, 30, 32 ಕಿಲೋಮೀಟರ್ ಹೊತ್ತಿಗೆ ಖಾಲಿಯಾಗುತ್ತಾ ಬರುತ್ತೆ. ಅದನ್ನೇ ಗೋಡೆ ಅಂತಾರೆ. ಆ ಗೋಡೆಗೆ ಡಿಕ್ಕಿ ಹೊಡೆದು ಬಂದವರನ್ನು ಹತ್ತು ಗಂಟೆ ಬಿಸಿಲಲ್ಲಿ ನೋಡಬೇಕು. ಕಣ್ಣು ಎಲ್ಲೋ, ಕಾಲು ಎಲ್ಲೋ. ಒಬ್ಬರು ಫಿನಿಶ್ ಗೆರೆ ದಾಟಿದವರು ನಿಲ್ಲೋದನ್ನೇ ಮರೆತು ಪಾರ್ಕಿಂಗ್ ಕಡೆ ಓಡುತ್ತಿದ್ದರು, ಹೆಂಡತಿ ಹಿಂದೆ ಓಡಿ ಹಿಡಿದರು. ಹೆಂಡತಿಯ ಓಟ ಚಪ್ಪಲಿಯಲ್ಲಿ.

ಸೋಮವಾರ

ಬೆಳಿಗ್ಗೆ ಲಾಡ್ಜಿನ ಮೆಟ್ಟಿಲು ಇಳಿಯುವಾಗ ಎಲ್ಲರದೂ ಒಂದೇ ನಡಿಗೆ, ಪಕ್ಕಕ್ಕೆ ತಿರುಗಿ, ಕಂಬಿ ಹಿಡಿದು. ಹತ್ತೋದು ಕಷ್ಟವಿಲ್ಲ, ಇಳಿಯೋದೇ ಕಷ್ಟ. ಇಳಿಯುವಾಗ ತೊಡೆಯ ಸ್ನಾಯು ಎಳೆದುಕೊಂಡೇ ಭಾರ ತಡೆಯಬೇಕು, ಓಟದಲ್ಲಿ ಸಣ್ಣಸಣ್ಣದಾಗಿ ಹರಿದಿರುವ ಎಳೆಗಳೆಲ್ಲ ಆಗ ಕೂಗ್ತವೆ. ಲ್ಯಾಕ್ಟಿಕ್ ಆಸಿಡ್ ಅಂತ ಜಿಮ್‌ನಲ್ಲಿ ಹೇಳಿಕೊಡ್ತಾರೆ, ಅದು ಓಟ ಮುಗಿದು ಒಂದೆರಡು ಗಂಟೆಯಲ್ಲೇ ಹೊರಟುಹೋಗಿರುತ್ತೆ. ಮಾರನೇ ದಿನದ ನೋವಿಗೂ ಅದಕ್ಕೂ ಸಂಬಂಧವಿಲ್ಲ. ಹುಡುಗನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಅದನ್ನು ಅವನು ಮೆಡಲ್‌ಗಿಂತ ಹೆಚ್ಚು ಜನಕ್ಕೆ ತೋರಿಸಿದ.

ರಂಗನತಿಟ್ಟಿಗೆ ಹೋದೆವು. ಕೂತುಕೊಂಡು ನೋಡುವ ಜಾಗ ಬೇರೆ ಯಾವುದಿದೆ? ಕನ್ನಂಬಾಡಿ ಕಟ್ಟೆಯಿಂದ ಜಾಸ್ತಿ ನೀರು ಬಿಟ್ಟರೆ ದೋಣಿ ನಿಲ್ಲಿಸ್ತಾರೆ, ಅವತ್ತು ನಡೀತಿತ್ತು. ಕಟ್ಟೆಯಲ್ಲಿ ನೀರೆಷ್ಟಿದೆ ಅಂತ ಈ ಸೀಮೆಯಲ್ಲಿ ಯಾರನ್ನು ಕೇಳಿದರೂ ಅಡಿ ಲೆಕ್ಕದಲ್ಲಿ ಹೇಳ್ತಾರೆ, 124.80 ಆದರೆ ತುಂಬಿತು ಅಂತ. 1940ರಲ್ಲಿ ಪಕ್ಷಿ ತಜ್ಞ ಸಲೀಂ ಅಲಿ ಹೇಳಿದ್ದಕ್ಕೆ ಮೈಸೂರು ಸಂಸ್ಥಾನ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಗೂಡು ಕಟ್ಟುವ ಕಾಲ ಅಲ್ಲದ್ದರಿಂದ ಹಕ್ಕಿ ಕಡಿಮೆ, ಆದರೂ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಸಿಕ್ಕವು. ಬಂಡೆ ಮೇಲೆ ಬಾಯಿ ತೆರೆದುಕೊಂಡು ಒಂದು ಮೊಸಳೆ ಬಿದ್ದಿತ್ತು, ಅಲುಗಾಡಲಿಲ್ಲ. 'ಇದೂ ನಿನ್ನೆ ಫುಲ್ ಓಡಿರಬೇಕು' ಅಂದರು ರಾಯರು.

ವಾಪಸ್ ಬರುವಾಗ ಎಕ್ಸ್‌ಪ್ರೆಸ್‌ವೇ ಬಿಟ್ಟು ಮದ್ದೂರಿನೊಳಗಿನ ಹಳೇ ರಸ್ತೆಗೆ ಇಳಿದೆವು. ಬೈಪಾಸ್ ಆದ ಮೇಲೆ ಒಳಗಿನ ಹೋಟೆಲ್‌ಗಳಿಗೆ ಗಿರಾಕಿ ಕಡಿಮೆ. ನಮ್ಮದೇ ಟೇಬಲ್, ನಮ್ಮದೇ ರಾಜ್ಯ. ಮದ್ದೂರು ವಡೆ ಬಿಸಿಬಿಸಿ, ರವೆ ಕರಂ ಕರಂ, ಈರುಳ್ಳಿ ಅಂಚಿನಲ್ಲಿ ಕಂದಿದ್ದು. ಸಪ್ಪೆ ಊಟದ ಸಾಲ ತೀರಿಸಿದೆವು. ಅಲ್ಲಿ ಅಕ್ಕನಿಗೆ ಫೋನ್ ಬಂತು, ಅರ್ಧ ದಾರಿಯಲ್ಲಿ ಬಿಟ್ಟು ಹೋಗಬೇಕೆಂದಿದ್ದ ಆ ಹುಡುಗಿ. ಮುಂದಿನ ವರ್ಷ ಹಾಫ್ ಬೇಡವಂತೆ, ಇಬ್ಬರೂ ಫುಲ್‌ಗೆ ಹಾಕೋಣ ಅಂತಿದ್ದಳು. ಅಕ್ಕ ಫೋನ್ ಮುಚ್ಚಿ ಹಿಡಿದು ನಮ್ಮನ್ನು ಕೇಳಿದರು, 'ಏನ್ ಹೇಳ್ಲಿ?' ರಾಯರು ಒಂದು ಕ್ಷಣವೂ ಯೋಚಿಸದೆ 'ಬ್ಲೌಸಿನ ಅಳತೆ ಕಳಿಸು ಅನ್ನಿ ಮೊದಲು' ಅಂದರು.